ಆರಂಕಿಯ ನಂಬರು

ಸೆಪ್ಟೆಂಬರ್ 9, ಬೆಳಿಗ್ಗೆ 7

ಎಂಟು ಸುತ್ತು. ಮೊಣಕಾಲು ತೆಪ್ಪಗಿದೆ. ಹಿಮ್ಮಡಿಯಲ್ಲಿ ಚೂರು ಉರಿ — ಹೊಸ ಸಾಕ್ಸ್‌ನ ಕೆಲಸ. ಶುಕ್ರವಾರ ಸ್ಪರ್ಧೆಗೆ ಹಳೆಯದನ್ನೇ ಹಾಕುತ್ತೇನೆ.

ಮೂವತ್ತಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಟಿಕೆಟ್ ಕೊಟ್ಟವಳು. ನಡೆಯುವುದು ಕಲಿತದ್ದು ರಿಟೈರ್ ಆದ ಮೇಲೆ. ಈಗ ಪರದೇಶದ ಮೈದಾನದಲ್ಲಿ ಅರವತ್ತು ದಾಟಿದ ಹೆಂಗಸರ ಐದು ಕಿಲೋಮೀಟರ್ ನಡಿಗೆ. ಹನ್ನೊಂದು ಜನ. ನಡೆಯೋಕೆ ವಿಮಾನ ಹತ್ತಬೇಕಾ ಅಂತ ಮಗ ಕೇಳಿದ್ದ. ನನ್ನ ದುಡ್ಡು, ನನ್ನ ಕಾಲು ಅಂದಿದ್ದೆ.

ಸೆಪ್ಟೆಂಬರ್ 9, ಮಧ್ಯಾಹ್ನ 2

ಕಾರ್ಡ್ ಕೆಲಸ ಮಾಡುತ್ತಿಲ್ಲ.

ಎದೆಗೆ ಹಚ್ಚಿಕೊಳ್ಳುವ ನಂಬರ್ ತರಲು ಹೋಗಿದ್ದೆ. ಬಾಕಿ ಫೀಸ್ ತೊಂಬತ್ತು, ಇಲ್ಲಿಯ ದುಡ್ಡಿನಲ್ಲಿ. ಮೇಜಿನ ಹಿಂದಿದ್ದ ಹೆಂಗಸು ಮಷಿನ್‌ಗೆ ಎರಡು ಸಲ ಕಾರ್ಡ್ ತೂರಿಸಿ ತಲೆಯಾಡಿಸಿದಳು. ಎದುರು ರಸ್ತೆಯ ಎಟಿಎಂಗೆ ಹೋದೆ. ಅಲ್ಲಿಯೂ ದುಡ್ಡಿನ ಬದಲು ಒಂದು ಚೀಟಿ. ಇನ್ನೊಮ್ಮೆ ಹಾಕಲು ಕೈ ಬರಲಿಲ್ಲ. ನುಂಗಿಬಿಟ್ಟರೆ...

ಫೀಸ್ ಕಟ್ಟಲು ನಾಳೆ ಸಂಜೆ ಐದರವರೆಗೆ ಗಡುವು. ಕಟ್ಟದಿದ್ದರೆ ಹೆಸರು ಹೊಡೆದುಹಾಕುತ್ತಾರೆ.

ಸೊಂಟದ ಚೀಲದಲ್ಲಿ ನಲವತ್ತು. ಶೂ ಒಳಗಿನ ಅಟ್ಟೆಯಡಿ ಹದಿನೆಂಟು. ಊಟ, ವಿಮಾನ ನಿಲ್ದಾಣದ ಬಸ್ಸು — ಎಲ್ಲಾ ಇದರಲ್ಲೇ.

ಸೆಪ್ಟೆಂಬರ್ 9, ಸಂಜೆ 5

ಬ್ಯಾಂಕಿನ ಸಹಾಯವಾಣಿ. ಇಪ್ಪತ್ತೆಂಟು ನಿಮಿಷ ಸಂಗೀತ ಕೇಳಿಸಿ ಕೊನೆಗೆ ಒಬ್ಬ ಸಿಕ್ಕ. ಹೊರದೇಶದಲ್ಲಿ ಬಳಸುವ ಅನುಮತಿ ಕಾರ್ಡಿಗೆ ಇಲ್ಲವಂತೆ. ಬ್ಯಾಂಕಿನ ವೆಬ್‌ಸೈಟಿನಲ್ಲಿ ನಾನೇ ಆನ್ ಮಾಡಬಹುದಂತೆ. ಆದರೆ ಒಟಿಪಿ ಹೋಗುವುದು ಬ್ಯಾಂಕಿಗೆ ಕೊಟ್ಟ ನಂಬರಿಗೆ.

ಆ ಸಿಮ್ ಮನೆಯಲ್ಲಿದೆ. ರೋಮಿಂಗ್ ದುಬಾರಿ ಅಂತ ಹಳೆಯ ಫೋನನ್ನು ನಮ್ಮ ಮನೆಯವರ ಕೈಗೆ ಕೊಟ್ಟು, ವೈಫೈ ಇದ್ದರೆ ಸಾಕು ಅಂತ ಬೇರೆ ಫೋನ್ ಹಿಡಿದು ಬಂದೆ. ಕಾರ್ಡ್ ಎಲ್ಲಾ ಕಡೆ ನಡೆಯುತ್ತದಾ ಅಂತ ಬ್ಯಾಂಕಿನಲ್ಲಿ ಒಂದು ಮಾತು ಕೇಳಲಿಲ್ಲ. ಬುದ್ಧಿವಂತಿಕೆ ಜಾಸ್ತಿಯಾಯಿತು.

ರೂಮಿನ ಜೊತೆಗಾತಿ ಇನ್ನೊಂದು ದೇಶದ ಹಲ್ಲಿನ ಡಾಕ್ಟರು. ಅವಳೂ ನಡೆಯುವವಳೇ. ವಿಷಯ ತಿಳಿದು ಪರ್ಸ್ ತೆಗೆದಳು. ಬೇಡ ಅಂದೆ. ನಾಳೆ ನಾಲ್ಕೂವರೆಯೊಳಗೆ ನನ್ನಿಂದ ಆಗದಿದ್ದರೆ ನಾನೇ ಬಂದು ಕೇಳುತ್ತೇನೆ ಅಂದೆ. ನಕ್ಕಳು. ನನ್ನ ಇಂಗ್ಲಿಷ್ ಅರ್ಥವಾಯಿತೋ, ಹಟ ಅರ್ಥವಾಯಿತೋ.

ಮಗನಿಗೆ ಫೋನ್ ಮಾಡಲಿಲ್ಲ. ಮಾಡುವುದೂ ಇಲ್ಲ.

ಸೆಪ್ಟೆಂಬರ್ 10, ಬೆಳಿಗ್ಗೆ 11

ಆದದ್ದನ್ನು ಈಗಲೇ ಬರೆದುಬಿಡಬೇಕು.

ನಮ್ಮಲ್ಲಿ ಆಗ ಮಧ್ಯಾಹ್ನ ಮೂರು. ಇವರು ವಾಚ್ ರಿಪೇರಿ ಅಂಗಡಿಯಲ್ಲಿ ಇರುವ ಹೊತ್ತು. ನನ್ನ ಫೋನನ್ನೂ ಜೊತೆಗೇ ಇಟ್ಟುಕೊಂಡಿರುತ್ತಾರೆ. ವೆಬ್‌ಸೈಟಿನಲ್ಲಿ ಬಟನ್ ಒತ್ತಿ, ವಾಟ್ಸಾಪ್‌ನಲ್ಲಿ ಕರೆ ಮಾಡಿದೆ. ನನ್ನ ಫೋನಿಗೆ ಮೆಸೇಜ್ ಬಂದಿದೆ, ಆರು ಅಂಕಿ ಇದೆ, ಓದಿ ಹೇಳಿ ಅಂದೆ.

ಇವರು ನಿಧಾನವಾಗಿ, "ಬಂದಿದೆ. ಹೇಳಲ್ಲ."

"ಯಾಕ್ರೀ?"

"ಯಾರು ಕೇಳಿದ್ರೂ ಹೇಳಬೇಡಿ, ನನ್ನ ದನೀಲೇ ಕೇಳಿದ್ರೂ ಹೇಳಬೇಡಿ ಅಂತ ನನ್ನ ಹೆಂಡತಿ ಹೇಳಿ ಹೋಗಿದ್ದಾಳೆ."

ಹೇಳಿದ್ದು ಹೌದು. ಒಂದಲ್ಲ, ಮೂರು ಸಲ. ಪಕ್ಕದ ಮನೆಯ ಮೇಷ್ಟ್ರು, ಫೋನಿನಲ್ಲಿ ಕೇಳಿದ್ದು ಮಗನದೇ ದನಿ ಅಂತ ನಂಬಿ ಪಿಂಚಣಿ ಹಣವೆಲ್ಲ ಕಳೆದುಕೊಂಡಿದ್ದರು. ಅದನ್ನು ನೋಡಿ ಹೆದರಿ ಹೇಳಿದ್ದೆ. ಈಗ ನಾನೇ ಕಳ್ಳಿ.

ವೀಡಿಯೋ ಹಾಕಿದೆ. ಹೋಟೆಲಿನ ವೈಫೈಗೆ ಅವರ ಅರ್ಧ ಹಣೆ ಬಂದು ಅಲ್ಲೇ ನಿಂತಿತು. ಅವರಿಗೆ ನನ್ನ ಮುಖವೇ ಕಾಣಲಿಲ್ಲವಂತೆ. ಅಷ್ಟರಲ್ಲಿ ನಂಬರಿನ ಅವಧಿ ಮುಗಿಯಿತು. ಮತ್ತೆ ಬಟನ್ ಒತ್ತಿದೆ. ಇನ್ನೊಂದು ನಂಬರು ಹೋಯಿತು. ನಮ್ಮಿಬ್ಬರಿಗೇ ಗೊತ್ತಿರುವುದು ಏನಾದರೂ ಕೇಳಿ, ಬೇಗ, ಅಂದೆ.

ಬೇಗ ಎಂಬ ಪದ ಇವರ ಹತ್ತಿರ ಇಲ್ಲ. ಯೋಚಿಸಿದರು. ಕನ್ನಡಕ ತೆಗೆದಿಟ್ಟ ಸದ್ದು ಕೇಳಿಸಿತು.

"ಮೊದಲನೇ ಸಲ ಅವಳ ಬಸ್ ಹತ್ತಿದಾಗ ನನಗೆ ಎಷ್ಟು ಚಿಲ್ಲರೆ ಬರಬೇಕಿತ್ತು?"

"ಮೂರು ಮುಕ್ಕಾಲು. ಟಿಕೆಟ್ ಹಿಂದೆ ಬರೆದುಕೊಟ್ಟಿದ್ದೆ. ಇಳಿಯುವಾಗ ಮರೆತುಹೋದ್ರಿ. ಮಾರನೇ ದಿನ ಅದೇ ಬಸ್ಸಿಗೆ ಬಂದು ಕೇಳಿದ್ರಿ."

"ಮರೆತಿರಲಿಲ್ಲ," ಅಂದರು. "ಬೇಕಂತಲೇ ಇಳಿದುಹೋದೆ."

ಮೂವತ್ತೈದು ವರ್ಷದಲ್ಲಿ ಒಂದು ದಿನವೂ ಬಾಯಿಬಿಟ್ಟವರಲ್ಲ. ಇವತ್ತು, ಒಟಿಪಿಯ ಸಮಯ ಓಡುತ್ತಿರುವಾಗ.

ಆಮೇಲೆ ಒಂದೊಂದೇ ಅಂಕಿ ಬಿಡಿಸಿ ಹೇಳಿದರು. ಹಾಕಿದೆ. ಹಸಿರು ಗುರುತು ಬಂತು. ಅದರ ಕೆಳಗೆ ಸಣ್ಣ ಅಕ್ಷರ — ಜಾರಿಯಾಗಲು ಇಪ್ಪತ್ತನಾಲ್ಕು ಗಂಟೆ ಹಿಡಿಯಬಹುದು.

ನನಗಿರುವುದು ಆರು ಗಂಟೆ.

ಸೆಪ್ಟೆಂಬರ್ 10, ಸಂಜೆ 5.30

ಒಂದಕ್ಕೆ ಹೋದೆ, ಆಗಲಿಲ್ಲ. ಮೂರಕ್ಕೆ ಹೋದೆ, ಇಲ್ಲ. ಎಟಿಎಂ ಎದುರಿನ ಕಲ್ಲುಬೆಂಚಿನ ಮೇಲೆ ಕೂತೆ. ಕಾವಲಿನವನಿಗೆ ಅನುಮಾನ ಬಂದಿರಬೇಕು, ಎರಡು ಸಲ ಸುತ್ತುಹಾಕಿದ.

ನಾಲ್ಕು ಹತ್ತಕ್ಕೆ ಮತ್ತೆ ಹಾಕಿದೆ. ಒಳಗೆ ಗರಗರ ಸದ್ದು. ನಿಮ್ಮ ದೇಶದ ದುಡ್ಡಿನ ಲೆಕ್ಕದಲ್ಲಿ ಹಿಡಿಯಲಾ ಅಂತ ಕೇಳಿತು. ದರ ತೋರಿಸಿತು. ಅಷ್ಟು ಅವಸರದಲ್ಲೂ ಮನಸ್ಸಿನಲ್ಲೇ ಗುಣಿಸಿ ನೋಡಿದೆ — ನೂರಕ್ಕೆ ಆರು ಜಾಸ್ತಿ. ಕಂಡಕ್ಟರ್ ಹತ್ತಿರ ಈ ಆಟ ಬೇಡ. ಇಲ್ಲಿಯ ದುಡ್ಡಿನಲ್ಲೇ ಹಿಡಿ ಅಂತ ಒತ್ತಿದೆ. ಪ್ರತಿ ಸಲಕ್ಕೂ ಚಾರ್ಜ್ ಇದೆಯಂತೆ, ಫೀಸು, ಉಳಿದ ಖರ್ಚು ಸೇರಿಸಿ ಇನ್ನೂರು ಒಟ್ಟಿಗೇ ತೆಗೆದೆ.

ನಾಲ್ಕು ಮೂವತ್ತೈದಕ್ಕೆ ಫೀಸ್ ಕಟ್ಟಿದೆ. ನನ್ನ ನಂಬರು 614. ರೂಮಿನಲ್ಲಿ ಡಾಕ್ಟರಮ್ಮ ಪರ್ಸ್ ಮುಂದಿಟ್ಟುಕೊಂಡು ಕಾಯುತ್ತಿದ್ದಳು. ನಂಬರ್ ತೋರಿಸಿದೆ. ಎದ್ದು ಬಂದು ತಬ್ಬಿಕೊಂಡಳು.

ಸೆಪ್ಟೆಂಬರ್ 12, ಮಧ್ಯಾಹ್ನ

ಮೂವತ್ತಾರು ನಿಮಿಷ, ನಲವತ್ತೊಂದು ಸೆಕೆಂಡ್. ಐದನೆಯವಳು.

ಮುಂದಿಟ್ಟ ಕಾಲು ನೆಟ್ಟಗಿರಬೇಕು ಅನ್ನುವುದು ಈ ನಡಿಗೆಯ ನಿಯಮ. ಮೂರನೇ ಕಿಲೋಮೀಟರಿನಲ್ಲಿ ಮೊಣಕಾಲು ಮಡಚಿತು ಅಂತ ತೀರ್ಪುಗಾರರಿಂದ ಒಂದು ಎಚ್ಚರಿಕೆ ಸಿಕ್ಕಿತು. ಆಮೇಲೆ ಮಡಚಲು ಬಿಡಲಿಲ್ಲ. ಕೊನೆಯ ಸುತ್ತಿನಲ್ಲಿ ಇಬ್ಬರನ್ನು ದಾಟಿದೆ. ಡಾಕ್ಟರಮ್ಮ ಎಂಟನೆಯವಳು. ಹಿಮ್ಮಡಿಯ ಚರ್ಮ ಕಿತ್ತುಹೋಗಿದೆ, ಈಗ ಗೊತ್ತಾಗುತ್ತಿದೆ.

ಮಗನ ಮೆಸೇಜ್ — ಸ್ಪರ್ಧೆಯ ವೀಡಿಯೋ ನೋಡಿದನಂತೆ, ಕಾಲು ಹೇಗಿದೆ ಅಂತ ಕೇಳಿದ್ದಾನೆ. ಕಾರ್ಡಿನ ಸುದ್ದಿ ಇಲ್ಲ. ಇವರು ಹೇಳಿಲ್ಲ.

ಮುಂದಿನ ವರ್ಷದ ಕ್ರೀಡಾಕೂಟ ಬೇರೆ ದೇಶದಲ್ಲಿ. ಇಲ್ಲೇ ಹೆಸರು ಕೊಟ್ಟರೆ ಅರ್ಧ ಫೀಸ್. ಯಾರನ್ನೂ ಕೇಳದೆ ಕಾರ್ಡ್ ಕೊಟ್ಟೆ. ಒಂದೇ ಸಲಕ್ಕೆ ಆಯಿತು. ಎರಡು ಹೆಸರು ಬರೆಸಿದೆ. ನನ್ನದು ನಡಿಗೆಗೆ. ಇವರದು ಜೊತೆಗೆ ಬರುವವರ ಪಟ್ಟಿಗೆ.

ಇವರ ಹತ್ತಿರ ಪಾಸ್‌ಪೋರ್ಟ್ ಇಲ್ಲ. ಅಂಗಡಿ ಯಾರು ನೋಡ್ಕೋತಾರೆ ಅನ್ನುತ್ತಾರೆ. ಅನ್ನಲಿ. ಈಗಲೇ ಫೋನ್ ಮಾಡುತ್ತೇನೆ. ಏನು ಹೇಳಬೇಕು ಅಂತ ಬರೆದುಕೊಳ್ಳೋಣವೆಂದು ಕೂತರೆ ಇಷ್ಟೇ ಬರುತ್ತಿದೆ — ರೀ,