ಗಣಿತ ಕೊಣ್ಣೂರಿಗೆ ಹೋಯಿತು

ಜಕ್ಕಲಿ
ಸೋಮವಾರ, ೨೭ ಜೂನ್ ೧೯೫೫

ಕೊಣ್ಣೂರಿನಲ್ಲಿ ಬಾಳುವೆ ಹೂಡಿರುವ ನನ್ನ ಗೆಳತಿ ಮಾಳವ್ವಳಿಗೆ, ಜಕ್ಕಲಿಯಿಂದ ನಿನ್ನ ಅಡಿವೆವ್ವ ಮಾಡುವ ನೆನಕೆಗಳು.

ನಿನ್ನ ಎರಡೂ ಪತ್ರ ಮುಟ್ಟಿದವು. ಎರಡರಲ್ಲೂ ‘ಇತ್ತ ಎಲ್ಲರೂ ಕ್ಷೇಮ’ ಎಂಬುದರ ಹೊರತು ಇನ್ನೊಂದು ಸಾಲಿಲ್ಲ. ಕ್ಷೇಮ ನಮ್ಮಲ್ಲೂ ಬೇಕಾದಷ್ಟಿದೆ. ನಿನ್ನ ಅವ್ವ ಕರೆವ್ವ ಗಟ್ಟಿಯಾಗಿದ್ದಾಳೆ. ನಿಮ್ಮ ಕೆಂದಾಕಳು ಈದಿದೆ, ಹೆಣ್ಣುಗರು. ಮಣ್ಣೆತ್ತಿನ ಅಮಾವಾಸ್ಯೆಗೆ ಒಂದು ಹದ ಮಳೆ ಬಿತ್ತು, ಹೆಸರು ಬಿತ್ತಿದ್ದೇವೆ. ಇಲ್ಲಿಗೆ ಕ್ಷೇಮಸಮಾಚಾರ ಮುಗಿಯಿತು, ಇನ್ನು ಜಗಳ.

ಮಾಘದಲ್ಲಿ ನೀನು ಮದುವೆಯ ಅಕ್ಕಿಕಾಳಿನ ತಲೆಯಲ್ಲೇ ಚಕ್ಕಡಿ ಹತ್ತಿದೆ. ಸೀರೆ ಒಯ್ದೆ, ತಾಟು ತಂಬಿಗೆ ಒಯ್ದೆ, ಅದೆಲ್ಲ ನಿನ್ನದು. ಆದರೆ ನಮ್ಮ ಗಣಿತವನ್ನೂ ಗಂಟು ಕಟ್ಟಿಕೊಂಡು ಹೋದೆಯಲ್ಲೇ! ಹೋದ ಮರುವಾರವೇ ನಮಗೆ ಅದರ ಬಿಸಿ ತಟ್ಟಿತು.

ಗೊತ್ತಿರುವುದನ್ನೇ ಬರೆಯುತ್ತಾಳೆ ಎನ್ನಬೇಡ, ಮೊದಲಿನಿಂದ ಬರೆಯುವುದಕ್ಕೆ ಕಾರಣವಿದೆ. ನಾವು ನಾಲ್ವರೂ, ನೀನು, ನಾನು, ಸಕ್ರವ್ವಕ್ಕ, ಗಾಳೆವ್ವ, ನಾಲ್ಕನೆಯ ಇಯತ್ತೆಗೆ ಪಾಟಿ ಕೆಳಗಿಟ್ಟು ಕಳೆ ತೆಗೆಯುವ ಕುರ್ಪಿ ಹಿಡಿದವರು. ನಮಗೆ ಕಲಿಸಿದ ಜುಲೇಖಾ ಅಕ್ಕಾವರು ಮೊಣಕಾಲು ಹಿಡಿದು, ನೌಕರಿ ಮುಗಿಸಿ ಗಜೇಂದ್ರಗಡದ ತಮ್ಮ ಮನೆ ಸೇರಿದರು. ಕಾಲು ಕೂತರೂ ಅವರ ಕೈ ಸುಮ್ಮನೆ ಕೂಡಲಿಲ್ಲ. ಟಪಾಲಿನಲ್ಲಿ ಪಾಠ ಕಳಿಸುತ್ತೇನೆ, ಉತ್ತರ ಬರೆದು ಕಳಿಸಿರಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡಿಸುತ್ತೇನೆ ಎಂದು ಬರೆದರು. ಕಳಕಪ್ಪನ ಅಂಗಡಿಯೇ ನಮ್ಮೂರ ಟಪಾಲು ಕಚೇರಿ. ಗುರುವಾರ ಅಲ್ಲಿಗೆ ಲಕೋಟೆ ಬರುತ್ತಿತ್ತು. ಸೋಮವಾರ ಯಾರೂ ಎತ್ತು ಹೂಡುವುದಿಲ್ಲವಲ್ಲ, ಬಸವಣ್ಣನಿಗೆ ಬಿಡುವು ಸಿಕ್ಕ ದಿನವೇ ನಮಗೂ ಬಿಡುವು. ಸಕ್ರವ್ವಕ್ಕನ ಪಡಸಾಲೆಯಲ್ಲಿ ನಮ್ಮ ಸಾಲಿ ಕೂಡುತ್ತಿತ್ತು. ಎರಡು ವರ್ಷ ಒಂದು ಸೋಮವಾರವನ್ನೂ ನಾವು ತಪ್ಪಿಸಲಿಲ್ಲ.

ಓದಿದ ಬಗೆ ಮಾತ್ರ ನಮ್ಮದೇ. ಹೊಲದಲ್ಲಿ ಮುಯ್ಯಿ ಮಾಡಿ ಬೆಳೆದ ಕೈಗಳು ನಮ್ಮವು. ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ, ಕೂಲಿಯ ಮಾತೇ ಇಲ್ಲ. ಓದನ್ನೂ ಹಾಗೆಯೇ ಹಂಚಿಕೊಂಡೆವು. ಕನ್ನಡವೆಂದರೆ ನಾನು. ಇತಿಹಾಸ, ಭೂಗೋಲ ಎರಡೂ ಸಕ್ರವ್ವಕ್ಕ. ಆರೋಗ್ಯಶಾಸ್ತ್ರ ಗಾಳೆವ್ವ. ಗಣಿತಕ್ಕೆ ನೀನು. ಒಬ್ಬಳು ಮಾಡಿದ್ದನ್ನು ಮೂವರು ನಕಲು ಇಳಿಸಿಕೊಂಡು ನಾಲ್ಕು ಹೆಸರು ಹಾಕಿ ಕಳಿಸಿದೆವು. ಅದು ಕಳವು ಎಂದು ನಮ್ಮಲ್ಲಿ ಒಬ್ಬಳಿಗಾದರೂ ಹೊಳೆಯಿತೇ? ಒಬ್ಬಳೇ ಕೂತು ತನ್ನದಷ್ಟೇ ಮಾಡಿಕೊಳ್ಳುವವಳನ್ನು ನಮ್ಮೂರಲ್ಲಿ ಹೊಟ್ಟೆಬಾಕಿ ಎನ್ನುತ್ತಾರೆ.

ನೀನು ಹೋದ ಮರುವಾರ ಗಣಿತದ ಮೂರೂ ಹಾಳೆ ಬೋಳು ಹೋದವು. ಅಕ್ಕಾವರು ಬರೆದರು, ಮೂವರಿಗೂ ಒಂದೇ ವಾರ ಗಣಿತ ಮರೆತುಹೋಗುವ ಜ್ವರ ಬಂದಿದೆಯೇ ಎಂದು. ಸಕ್ರವ್ವಕ್ಕ, ಹಾಳೆ ಹರವಿಯ ನೀರಿಗೆ ಬಿದ್ದು ಅಕ್ಷರ ಅಳಿಸಿದವು ಎಂದು ಬರೆದುಬಿಡು ಎಂದಳು. ಗಾಳೆವ್ವ ಅಳುವುದಕ್ಕೆ ಶುರುಮಾಡಿದಳು. ನನಗೆ ಸಿಟ್ಟು ಬಂತು. ನಾವೇನು ದನ ಕದ್ದಿದ್ದೇವೆಯೇ? ಇದ್ದದ್ದನ್ನು ಇದ್ದ ಹಾಗೆ ಎರಡು ಪುಟ ಬರೆದು ನಾನೇ ಟಪಾಲಿಗೆ ಹಾಕಿದೆ. ಹಾಕಿ ಬಂದ ಮೇಲೆ ನೆನಪಾಯಿತು. ಪರೀಕ್ಷೆಯ ಅರ್ಜಿಗೆ ಅಕ್ಕಾವರ ಸಹಿ ಬೇಕು, ಸಹಿ ಇಲ್ಲದಿದ್ದರೆ ಎರಡು ವರ್ಷದ ಸೋಮವಾರಗಳು ಮಣ್ಣುಪಾಲು.

ನನ್ನ ಸಂಗತಿ ನಿನಗೆ ಗೊತ್ತೇ ಇದೆ. ಗಂಡನೆನಿಸಿಕೊಂಡವನು ಸೊಲ್ಲಾಪುರದ ಮಿಲ್ಲಿಗೆಂದು ಹೋಗಿ ಅಲ್ಲಿಯೇ ಇನ್ನೊಂದು ಒಲೆ ಹೂಡಿ ಆರು ವರ್ಷವಾಯಿತು. ಅಣ್ಣ ಯಮನೂರಪ್ಪ ಒಂದು ದಿನವೂ ಎರಡು ಮಾತು ಆಡಿದವನಲ್ಲ. ಆದರೂ ಅಣ್ಣನ ಮನೆಯ ರೊಟ್ಟಿ ಅಣ್ಣನ ಮನೆಯದೇ. ಊರ ಅಗಸಿ ಬಾಗಿಲ ಹತ್ತಿರ ಹೆಣ್ಣುಮಕ್ಕಳ ಸಾಲಿಯ ಗೋಡೆ ಎದ್ದಿದೆ, ಮಾಳಿಗೆ ಬಾಕಿ ಇದೆ, ಬರುವ ಜೂನಿಗೆ ತೆರೆಯುತ್ತದೆ. ಮುಲ್ಕಿ ಪಾಸಾದ ಹೆಂಗಸು ಊರಲ್ಲೇ ಸಿಕ್ಕರೆ ಅವಳನ್ನೇ ಅಕ್ಕಾವರೆಂದು ಕೂಡಿಸುತ್ತೇವೆ ಎಂದು ಸಾಲಿ ತಪಾಸಣೆಯ ಸಾಹೇಬರು ಹೇಳಿ ಹೋಗಿದ್ದಾರೆ. ಆ ಕುರ್ಚಿ ನನಗೆ ಬೇಕು ಮಾಳವ್ವ. ನಾಚಿಕೆ ಬಿಟ್ಟು ಹೇಳುತ್ತೇನೆ, ಬೇಕೇ ಬೇಕು.

ಅಕ್ಕಾವರಿಂದ ಪತ್ರ ಬರಲಿಲ್ಲ, ಗಂಟು ಬಂತು. ಎರಡು ವರ್ಷ ನಾವು ಕಳಿಸಿದ ಅಷ್ಟೂ ಉತ್ತರದ ಹಾಳೆಗಳನ್ನು ಸುತಳಿಯಿಂದ ಬಿಗಿದು ವಾಪಸ್ಸು ಕಳಿಸಿದ್ದರು. ಮೇಲೊಂದು ಚೀಟಿ ಇತ್ತು: “ಇದರಾಗ ಖರೇ ಯಾರ್ದು ಯಾವುದು, ನೀವ ಬ್ಯಾರೆ ಮಾಡ್ರಿ. ಆಮ್ಯಾಲ ಒಬ್ಬಬ್ಬಾಕಿ ಒಂದೊಂದು ಮನಿಯೊಳಗ ಕೂತು, ಎಲ್ಲಾ ವಿಷಯ ಒಬ್ಬಾಕೀನ ಬರದು ಕಳಸ್ರಿ. ಅಲ್ಲೀಮಟ ನನ್ನ ಸಹಿ ಕೇಳಬ್ಯಾಡ್ರಿ.”

ಆ ಸೋಮವಾರ ಪಡಸಾಲೆಯಲ್ಲಿ ಕೂತು ಹಾಳೆಗಳನ್ನು ನಾಲ್ಕು ಗುಂಪು ಮಾಡಿದೆವು. ನಿನ್ನ ಗುಂಪು ಮೊಣಕಾಲಿನವರೆಗೆ ಬಂತು. ಗಣಿತವಷ್ಟೇ ಅಲ್ಲ, ಗಾಳೆವ್ವ ಬಾಣಂತನಕ್ಕೆ ಕೂತ ಮೂರು ತಿಂಗಳು ಆರೋಗ್ಯಶಾಸ್ತ್ರವನ್ನೂ ನೀನೇ ಮಾಡಿದ್ದೆ. ನನ್ನ ಗುಂಪಿನಲ್ಲಿ ನಿಬಂಧಗಳು, ಪತ್ರಗಳು, ಚೆಂದದ ಅಕ್ಷರ. ಅಷ್ಟೇ. ಉಳಿದದ್ದೆಲ್ಲ ನಿಮ್ಮ ಬೆವರು, ನನ್ನ ಟಾಕು ಮಸಿ. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂದು ಊರಿಗೆಲ್ಲ ಗಾದೆ ಹೇಳುವ ಅಡಿವೆವ್ವ ಅವತ್ತು ಆ ಗಾದೆಯನ್ನು ತನಗೇ ಹೇಳಿಕೊಂಡಳು.

ಬೇರೆ ಬೇರೆ ಕೂತೆವು. ಸಕ್ರವ್ವಕ್ಕ ಕಾಳಿನ ಕೋಣೆಯಲ್ಲಿ, ಗಾಳೆವ್ವ ಅಜ್ಜಿಯ ಮನೆಯಲ್ಲಿ, ನಾನು ನಮ್ಮ ದನದ ಹಕ್ಕಿಯಲ್ಲಿ, ಎತ್ತು ಕಟ್ಟುವ ಕೊಟ್ಟಿಗೆಯಲ್ಲಿ. ಹೊಲದಲ್ಲಾಗಲಿ ಒಲೆಯ ಮುಂದಾಗಲಿ ನಾನು ಒಬ್ಬಳೇ ಒಂದು ಕೆಲಸ ಮಾಡಿದ್ದೇ ಇಲ್ಲ ಎಂದು ಆಗ ತಿಳಿಯಿತು. ಪಕ್ಕದಲ್ಲಿ ಕೇಳುವುದಕ್ಕೆ ಒಂದು ಕಿವಿ ಇಲ್ಲದಿದ್ದರೆ ತಲೆ ಓಡುವುದೇ ಇಲ್ಲ. ನಾಲ್ಕು ದಿನ ಎತ್ತಿನ ಮುಖ ನೋಡುತ್ತ ಕೂತೆ. ಐದನೆಯ ದಿನ ನಿನ್ನ ಗುಂಪಿನ ಹಾಳೆಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಮೆಟ್ಟಿಲು ಹಿಡಿದು ಹತ್ತಿದೆ. ನೀನು ಲೆಕ್ಕ ಮಾಡುವಾಗ ಏನನ್ನೂ ಬಿಡುವವಳಲ್ಲ, ಎಲ್ಲವನ್ನೂ ಬರೆದಿರುತ್ತೀ. ಅದೇ ನನ್ನನ್ನು ದಡ ಹತ್ತಿಸಿತು. ಅಪೂರ್ಣಾಂಕ ಬಂತು, ತ್ರೈರಾಶಿ ಅರ್ಧ ಬಂತು. ಕಾಲ ಮತ್ತು ಕೆಲಸದ ಲೆಕ್ಕ ಬಂತೆಂದು ನಾನು ತಿಳಿದುಕೊಂಡೆ.

ತಿಂಗಳ ಕೊನೆಗೆ ಅಕ್ಕಾವರ ಸಹಿ ಬಂತು. ಏಪ್ರಿಲಿನಲ್ಲಿ ರೋಣಕ್ಕೆ ಹೋಗಿ ಪರೀಕ್ಷೆಗೆ ಕೂತೆವು. ಫಲಿತಾಂಶ ಹೋದ ವಾರ ಬಂದಿದೆ. ಸಕ್ರವ್ವಕ್ಕ ಪಾಸು! ಮೂರು ಮಕ್ಕಳ ತಾಯಿ, ನಲವತ್ತಕ್ಕೆ ಎರಡು ಕಮ್ಮಿ, ಪಾಸು. ನೌಕರಿ ಬೇಡವಂತೆ, ಹೊಲ ಬಿಟ್ಟು ಇರಲಾರಳಂತೆ. ಕಳಕಪ್ಪನ ಮುಂದೆ ನಿಂತು ತನ್ನ ಹೆಸರನ್ನು ತಾನೇ ಓದಿದಳು, ಅಷ್ಟು ಸಾಕಂತೆ. ಗಾಳೆವ್ವನೂ ಪಾಸು. ಅವಳನ್ನು ಗಂಡನೇ ಧಾರವಾಡಕ್ಕೆ ಟ್ರೇನಿಂಗಿಗೆ ಕಳಿಸುತ್ತಾನೆ, ಕೂಸನ್ನು ಅತ್ತೆ ನೋಡಿಕೊಳ್ಳುತ್ತಾಳೆ. ಈ ಸುದ್ದಿ ಕೇಳಿ ಈ ಸೋಮವಾರ ಪಡಸಾಲೆಗೆ ಹೊಸಬರು ಒಂಬತ್ತು ಮಂದಿ ಬಂದರು ನೋಡು. ಅವರಲ್ಲಿ ಇಬ್ಬರು ಕೂಸು ಹೊತ್ತುಕೊಂಡೇ ಬಂದಿದ್ದರು. ಕನ್ನಡ ನಾನೇ ಕಲಿಸಿದೆ.

ನಿನ್ನದೇನಾಯಿತೇ ಎಂದು ಕೇಳುತ್ತೀ. ಕನ್ನಡದಲ್ಲಿ ಎಂಬತ್ತೆರಡು. ಕೇಂದ್ರದಲ್ಲಿ ಅಷ್ಟು ಯಾರಿಗೂ ಬಂದಿಲ್ಲವಂತೆ. ಇತಿಹಾಸ, ಭೂಗೋಲ, ಆರೋಗ್ಯ ಎಲ್ಲ ಪಾಸು. ಗಣಿತದಲ್ಲಿ ಮೂವತ್ತೊಂದು. ಮೂವತ್ತೈದು ಬೇಕಿತ್ತು.

ಅತ್ತುಬಿಟ್ಟೆ ಮಾಳವ್ವ. ಮುಚ್ಚಿಡುವುದೇನು, ದನದ ಹಕ್ಕಿಗೆ ಹೋಗಿ ಮನಸಾರೆ ಅತ್ತೆ. ಅಣ್ಣ ಬಂದು ಬಾಗಿಲಲ್ಲಿ ನಿಂತು, ಇನ್ನೊಂದು ವರ್ಷ ಓದು, ಯಾರು ಬ್ಯಾಡ ಅಂತಾರ ಎಂದ. ಆಮೇಲೆ ಮುಖ ತೊಳೆದೆ.

ಎಲ್ಲಿ ಹೋಯಿತು ಆ ನಾಲ್ಕು ಎಂದು ನನಗೆ ಗೊತ್ತು. ಐದನೆಯ ಲೆಕ್ಕ ಹೀಗಿತ್ತು: ನಾಲ್ಕು ಮಂದಿ ಹೆಂಗಸರು ಒಂದು ಹೊಲದ ಕಳೆಯನ್ನು ಆರು ದಿನದಲ್ಲಿ ತೆಗೆಯುತ್ತಾರೆ, ಒಬ್ಬಳೇ ತೆಗೆದರೆ ಎಷ್ಟು ದಿನ ಬೇಕು? ಇಪ್ಪತ್ತನಾಲ್ಕು ಎಂದು ಬರೆಯಬೇಕೆಂದು ನನಗೆ ಗೊತ್ತಿತ್ತು. ಆದರೆ ಕೈ ಒಪ್ಪಲಿಲ್ಲ. ಒಬ್ಬಳೇ ಇಪ್ಪತ್ತನಾಲ್ಕು ದಿನ ಕಳೆ ತೆಗೆದಾಳೇ? ಕೊನೆಯ ಸಾಲಿಗೆ ಹೋಗುವಷ್ಟರಲ್ಲಿ ಮೊದಲ ಸಾಲಿನ ಕಳೆ ಮೊಣಕಾಲಿಗೆ ಬಂದಿರುತ್ತದೆ. ಒಬ್ಬಳಿಂದ ಆ ಹೊಲ ಎಂದೂ ಸ್ವಚ್ಛವಾಗುವುದಿಲ್ಲ, ಮುಯ್ಯಿ ಕೇಳುವುದೊಂದೇ ದಾರಿ ಎಂದು ಮುತ್ತಿನಂಥ ಅಕ್ಷರದಲ್ಲಿ ಮುಕ್ಕಾಲು ಪುಟ ಬರೆದೆ. ಸೊನ್ನೆ ಕೊಟ್ಟಿದ್ದಾರೆ. ಪ್ರಶ್ನೆ ಕೇಳಿದವನು ಒಂದು ದಿನವಾದರೂ ಕುರ್ಪಿ ಹಿಡಿದಿದ್ದರೆ ಐದಕ್ಕೆ ಐದು ಕೊಡುತ್ತಿದ್ದ. ಬಿಡು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಮುಕ್ಕಾಲು ಪುಟಕ್ಕೆ ಹೊತ್ತು ಹೋಗಿ ಕೊನೆಯ ಮೂರು ಲೆಕ್ಕ ಮುಟ್ಟಲೇ ಇಲ್ಲ, ಮುಟ್ಟಿದ್ದರೂ ಅವುಗಳಲ್ಲಿ ಎರಡು ಬರುತ್ತಿರಲಿಲ್ಲ.

ಶುಕ್ರವಾರ ಮೋಟಾರು ಹತ್ತಿ ಗಜೇಂದ್ರಗಡಕ್ಕೆ ಹೋಗಿ ಅಕ್ಕಾವರನ್ನು ಕಂಡೆ. ಕೂದಲು ಪೂರ್ತಿ ಬೆಳ್ಳಗಾಗಿದೆ, ಕೆಂಪು ಮಸಿ ಮಾತ್ರ ಬೆರಳಿಂದ ಹೋಗಿಲ್ಲ. ಕಳೆಯ ಲೆಕ್ಕದ ಸುದ್ದಿ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ಚೆನ್ನಾಗಿ ಬೈದರು. ಮೊದಲು ಇಪ್ಪತ್ತನಾಲ್ಕು ಎಂದು ಬರೆ, ಜಗಳ ಆಮೇಲೆ ತೆಗೆ ಎಂದರು. ಹೊರಡುವಾಗ ಕೈ ಹಿಡಿದು ಹೇಳಿದ ಮಾತು ಇದು: “ತಿದ್ದೂದು ನನ್ನ ಕೈಲೆ ಆಗತೈತಿ. ಆದರ ನಿನಗ ಗಣಿತ ತಿಳಿಯೂಹಂಗ ಹೇಳಾಕಿ ಮಾಳವ್ವ ಒಬ್ಬಾಕಿನ. ಆಕಿಗೆ ಬರಿ.”

ಅದಕ್ಕೇ ಬರೆಯುತ್ತಿದ್ದೇನೆ. ಗಣಿತವೊಂದಕ್ಕೆ ಬರುವ ಏಪ್ರಿಲಿನಲ್ಲಿ ಮತ್ತೆ ಕೂಡಬಹುದು. ವಾರಕ್ಕೆ ಐದು ಲೆಕ್ಕ ನನಗೆ ಕಳಿಸು, ನಾನು ಮಾಡಿ ಕಳಿಸುತ್ತೇನೆ, ನೀನು ತಿದ್ದು. ಮುಯ್ಯಿಗೆ ಮುಯ್ಯಿ, ಕನ್ನಡ ನಾನು ಕಳಿಸುತ್ತೇನೆ, ಇತಿಹಾಸ ಭೂಗೋಲ ಸಕ್ರವ್ವಕ್ಕ ಕಳಿಸುತ್ತಾಳೆ. ಈ ಸಲ ನಕಲು ಇಲ್ಲ. ಏಪ್ರಿಲಿನಲ್ಲಿ ನೀನೂ ಕೂಡು, ಅರ್ಜಿಗೆ ಸಹಿ ಹಾಕುವುದಕ್ಕೆ ಅಕ್ಕಾವರು ತಯಾರಿದ್ದಾರೆ. ಮಲಪ್ರಭೆ ತುಂಬಿ ನಿಮ್ಮ ಸೇತುವೆ ಮುಳುಗಿದರೆ ಟಪಾಲು ನಿಲ್ಲುತ್ತದೆ, ಆದ್ದರಿಂದ ಲಗೂ ಬರೆ. ನನ್ನ ಕುರ್ಚಿ ಈಗ ನಿನ್ನ ಕೈಯಲ್ಲಿದೆ. ನಾನು ಪಾಸಾಗುತ್ತೇನೆ, ಅದರಲ್ಲಿ ಅನುಮಾನವಿಲ್ಲ. ನೀನು ಕಲಿಸುತ್ತೀಯೋ ಇಲ್ಲವೋ, ಅಷ್ಟು ಹೇಳು.

ಹಿರಿಯರಿಗೆ ನನ್ನ ಶರಣು ತಿಳಿಸು.

ನಿನ್ನನ್ನು ಬಿಡದ,
ಅಡಿವೆವ್ವ

ತಾ.ಕ.: ಶಿವನಪ್ಪನವರಿಗೆ ಶರಣು. ಗೆಳತಿಯ ಗಂಡ ನನಗೆ ತಂಗಿಯ ಗಂಡನಿದ್ದ ಹಾಗೆ, ಆ ಸಲಿಗೆಯಿಂದ ನಾಲ್ಕು ಮಾತು. ಮಾಳವ್ವಳ ಎರಡೂ ಪತ್ರ ನಿಮ್ಮ ಕೈಬರಹದಲ್ಲಿದ್ದವು, ಆದ್ದರಿಂದ ಈ ಪತ್ರವನ್ನೂ ನೀವೇ ಅವಳಿಗೆ ಓದಿ ಹೇಳುತ್ತಿದ್ದೀರಿ ಎಂದು ಬಲ್ಲೆ. ಓದು ಕಲಿತ ಸೊಸೆ ತವರಿಗೆ ಚಾಡಿ ಬರೆಯುತ್ತಾಳೆ, ಅಕ್ಷರ ಬಾರದ ಹುಡುಗಿಯೇ ಬೇಕು ಎಂದು ನಿಮ್ಮ ಮನೆಯವರು ಕೇಳಿದರಂತೆ. ನಮ್ಮೂರವರು ಹೂಂ ಅಂದರು. ಮಾಳವ್ವಳಿಗೆ ಅಕ್ಷರ ಬರುವ ಸುದ್ದಿ ಎತ್ತುವುದಿಲ್ಲ ಎಂದು ಅರಿಷಿಣದ ದಿನ ನಾನೂ ಅವಳಿಗೆ ಮಾತು ಕೊಟ್ಟಿದ್ದೆ. ಆ ಮಾತನ್ನು ಇವತ್ತು ಗೊತ್ತಿದ್ದೇ ಮುರಿದಿದ್ದೇನೆ. ನಿಮ್ಮ ಅಕ್ಷರ ನೋಡಿದರೆ ನೀವು ಒಳ್ಳೆಯವರೆಂದು ತೋರುತ್ತದೆ, ಇಂಥ ಹೆಂಡತಿ ಸಿಕ್ಕಿದ್ದಕ್ಕೆ ಹಿಗ್ಗುತ್ತೀರಿ ಎಂದು ನಂಬಿದ್ದೇನೆ. ಈಗ ಪತ್ರ ಅವಳ ಕೈಗೆ ಕೊಡಿ, ಇನ್ನುಳಿದದ್ದನ್ನು ಅವಳೇ ಓದಲಿ.

ಮಾಳವ್ವ, ನನ್ನ ಮೇಲೆ ಸಿಟ್ಟು ಬಂದಿರುತ್ತದೆ. ಬರಲಿ. ಬೈಯುವುದಿದ್ದಷ್ಟು ಬೈಯಿ, ಆದರೆ ನಿನ್ನ ಕೈಯಿಂದಲೇ ಬರೆದು ಬೈಯಿ.