ಅಧ್ಯಕ್ಷರ ಕೋಟು

ಫೆಬ್ರವರಿ 9, ಸೋಮವಾರ

ಇವತ್ತು ಲಾಂಡ್ರಿಗೆ ಬಂದದ್ದು ವೈರಿ ಸೈನಿಕರ ಅಂಗಿ ಇನ್ನೂರ ಹನ್ನೆರಡು. ಹೋದ ವಾರ ಬರೀ ತೊಂಬತ್ತು. ಹೊಸ ದಂಡು ಬಂದಿರಬೇಕು. ಸೊಸೆ ಮತ್ತೊಂದು ಕಾಲರ್ ಸುಟ್ಟಳು. ಬೈದೆ.

"ಅತ್ತೆ, ನಿಮ್ಮ ನಾಲಿಗೆ ಇದ್ರೆ ಸಾಕು, ಇಸ್ತ್ರಿಪೆಟ್ಟಿಗೆಗೆ ಕೆಂಡಾನೇ ಬೇಡ."

ನಗು ಬಂತು. ತೋರಿಸಲಿಲ್ಲ. ತಲೆ ಮೇಲೆ ಕೂರುತ್ತಾಳೆ.

ಗುಂಡಿ ಮಾರುವವನಿಗೆ ಅಂಗಿಯ ಸಂಖ್ಯೆ ಹೇಳಿದೆ. ಬೆಟ್ಟದಲ್ಲಿರುವ ನಮ್ಮವರಿಗೆ ಮುಟ್ಟಿಸುತ್ತಾನೆ. ಮಗನನ್ನು ಈ ವೈರಿಗಳು ಕೊಂದಾಗಿನಿಂದ ಇದೇ ಕೆಲಸ. ಸೊಸೆಗೆ ಗೊತ್ತಿಲ್ಲ. ಗೊತ್ತಾಗಬಾರದು.

ಫೆಬ್ರವರಿ 11, ಬುಧವಾರ

ಅಧ್ಯಕ್ಷರ ಕರಿ ಕೋಟು ಬಂತು. ವೈರಿಗಳು ಪುರಸಭೆಯ ಕುರ್ಚಿಯಲ್ಲಿ ಕೂರಿಸಿದ ಮನುಷ್ಯ... ಆದರೂ ಬಂದಾಗಲೆಲ್ಲ ನನ್ನ ಮೊಣಕಾಲು ಹೇಗಿದೆ ಎಂದು ಕೇಳುತ್ತಾರೆ. ತೋಳು ಬಿಗಿಯಂತೆ. ಬಿಚ್ಚಿ ಹೊಲಿಸಿದ ಮೇಲೆ ತಾವೇ ಬಂದು ಹಾಕಿ ನೋಡುತ್ತಾರಂತೆ. ಗುಂಡಿಯವನ ಹತ್ತಿರ ಮಾತಿನ ಮಧ್ಯೆ ಬಂತು, ಹೇಳಿದೆ.

"ಯಾವಾಗ ಬರ್ತಾರಜ್ಜಿ?"

"ಶನಿವಾರ ಒಂಬತ್ತಕ್ಕೆ. ಯಾಕೋ, ನೀನೇ ಬಂದು ಗುಂಡಿ ಹಾಕ್ತೀಯಾ?"

ನಕ್ಕ. ನಾನೂ ನಕ್ಕೆ.

ಫೆಬ್ರವರಿ 14, ಶನಿವಾರ

ನಮ್ಮ ಮೆಟ್ಟಿಲ ಮೇಲೆಯೇ. ಎರಡು ಗುಂಡು. ಅಧ್ಯಕ್ಷರು ಕೋಟಿನ ಒಂದು ತೋಳು ಹಾಕಿಕೊಂಡಿದ್ದರು, ಇನ್ನೊಂದು ಜೋತಾಡುತ್ತಿತ್ತು. ಹೊಡೆದವರು ಓಡಿಹೋದರು. ಗುಂಡಿಯವನು ಊರಲ್ಲೇ ಇಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತಿಗೆ ಮನುಷ್ಯನೇ ಹೋದ.

ವೈರಿ ಸೈನಿಕರು ಸೊಸೆಯನ್ನು ಎಳೆದೊಯ್ದರು. ಡೆಲಿವರಿ ಪುಸ್ತಕದಲ್ಲಿ 'ಅಧ್ಯಕ್ಷರು, ಶನಿವಾರ 9' ಎಂದು ಬರೆದದ್ದು ಅವಳ ಕೈ. ನನ್ನನ್ನು ನೋಡಿ ಒಬ್ಬ ಅಂದ, "ಈ ಮುದುಕಿನ ಬಿಡ್ರೋ. ಇದಕ್ಕೇನು ಗೊತ್ತಿರತ್ತೆ."

ಬಾಯಿ ತೆರೆದೆ. ಮಾತು ಬರಲಿಲ್ಲ. ಜನ್ಮದಲ್ಲಿ ಮೊದಲ ಸಲ.

ಫೆಬ್ರವರಿ 19, ಗುರುವಾರ

ಮೊಮ್ಮಗಳು ಜಡೆ ಹಾಕಿಸಿಕೊಳ್ಳುತ್ತಿಲ್ಲ. "ಅಮ್ಮಾನೇ ಹಾಕ್ಬೇಕು. ನೀನು ಎಳೀತೀಯ."

ವೈರಿಗಳ ಕಚೇರಿಗೆ ಹೋದೆ. ಸಾಹೇಬನಿಗೆ ಹೇಳಿದೆ— ಸುದ್ದಿ ಕೊಟ್ಟವಳು ನಾನು, ಅವಳಿಗೆ ಏನೂ ಗೊತ್ತಿಲ್ಲ.

"ಸೊಸೆಗೋಸ್ಕರ ಸುಳ್ಳು ಹೇಳ್ತೀರಲ್ಲ, ಅತ್ತೆ ಅಂದ್ರೆ ಹೀಗಿರಬೇಕು!"

ಎಲ್ಲರೂ ನಕ್ಕರು. ಕುರ್ಚಿ ಹಾಕಿದರು, ಟೀ ಕೊಟ್ಟರು. ಬಾಗಿಲ ಕಾವಲಿನವನು ಮಾತ್ರ ಮೆಲ್ಲಗೆ ಹೇಳಿದ, "ನಾಳೆ ತೀರ್ಪು ಅಜ್ಜಿ. ಉಳಿಸೋ ಹಾಗೆ ಕಾಣಲ್ಲ."

ಫೆಬ್ರವರಿ 20, ಶುಕ್ರವಾರ, ಬೆಳಗ್ಗೆ 6

ಬಾಯಿಮಾತು ನಂಬದಿದ್ದರೆ ಬರೆದದ್ದನ್ನಾದರೂ ನಂಬಲಿ. ಮೂರನೇ ಕ್ಲಾಸಿನ ಅಕ್ಷರ, ಆದರೆ ತಾರೀಖು ತಪ್ಪಿಲ್ಲ. ಈ ಪುಸ್ತಕವನ್ನೇ ಸಾಹೇಬನ ಮೇಜಿನ ಮೇಲೆ ಇಡುತ್ತೇನೆ. ಅವಳು ಬರುವ ತನಕ ಮಗು ಪಕ್ಕದ ಮನೆಯ ದರ್ಜಿ ಹೆಂಗಸಿನ ಹತ್ತಿರ ಇರಲಿ. ನಾನು ಬರುವುದಿಲ್ಲ. ಅದು ಗೊತ್ತಿದ್ದದ್ದೇ.

ಮೊದಲಿಂದ ತಿರುವಿ ನೋಡಿದೆ. ಸಂಖ್ಯೆಗಳೆಲ್ಲ ಇವೆ. ಸೊಸೆ ಗಂಜಿ ಚೆಲ್ಲಿದ್ದು, ಎದುರಾಡಿದ್ದು, ತಡವಾಗಿ ಎದ್ದದ್ದು— ಒಂದನ್ನೂ ಬಿಟ್ಟಿಲ್ಲ. ಆರು ವರ್ಷದಲ್ಲಿ ಒಂದೇ ಒಂದು ಒಳ್ಳೆ ಮಾತಿಲ್ಲ. ನನ್ನ ಕೈ ಸೇದಿಹೋಗ! ನಾಳೆ ಇದನ್ನು ಅವಳೇ ಓದಿದರೆ?

ಮಗು ಎದ್ದಿತು. ಅವಳ ಬಗ್ಗೆ ಒಂದು ಒಳ್ಳೆ ಸಾಲು ಬರೆದು ಹೊರಡುತ್ತೇನೆ.

ನನ್ನ ಸೊಸೆ...