ಹುಣಸೆ ಮರವೂ ನನ್ನ ಕಾಲ್ಗುಣವೂ

ಅತ್ತೆಮ್ಮನಿಗೆ, ನಿಮ್ಮ ಮಳವಳ್ಳಿ ಸೊಸೆಯ ನಮಸ್ಕಾರ. ನಿಮಗೆ ಓದು ಬರುತ್ತಿರಲಿಲ್ಲ. ಅಲ್ಲಿ ಯಾರಿಂದಾದರೂ ಓದಿಸಿಕೊಳ್ಳಿ.

ನಾನು ಬೆಳ್ಳೂರಿಗೆ ಬಂದ ವರ್ಷ ನೆನಪಿದೆಯಾ? ಮದುವೆ ಕಾರ್ತಿಕದಲ್ಲಿ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಊರ ಮರಗಳಲ್ಲೆಲ್ಲ ಕೊಕ್ಕರೆಗಳು ಗೂಡು ಕಟ್ಟಿದವು, ನಮ್ಮ ಮನೆ ಮುಂದಿನ ಹುಣಸೆಯಲ್ಲಿ ಮಾತ್ರ ಒಂದೂ ಕೂರಲಿಲ್ಲ. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಅಂತ ಊರೇ ಅವಕ್ಕೆ ಕಾಯುತ್ತದೆ. ಅವು ಬಾಗಿಲಿಗೆ ಬಂದು ತಿರುಗಿ ಹೋದರೆ ಜನ ಸುಮ್ಮನಿರುತ್ತಾರೆಯೇ? ಹಿಕ್ಕೆ ಬೀಳಲೆಂದು ಮರದಡಿ ತೋಡಿದ್ದ ಗೊಬ್ಬರದ ಗುಂಡಿಯೂ ಖಾಲಿ. ಹೊಸ ಸೊಸೆಯ ಕಾಲ್ಗುಣ ಅಂದರು. ನನ್ನನ್ನು ತವರಿಗೆ ಬಿಟ್ಟುಬರಲು ಮಾವ ಗಾಡಿ ಹೂಡಿಸಿದರು. ನಾನು ಒಲೆ ಮುಂದೆ ಅಳುತ್ತಿದ್ದೆ. ಅವರು ಹೇಳುವುದೇ ನಿಜವೇನೋ ಅಂತ ನನಗೂ...

ನೀವು ಹಿಟ್ಟಿನ ಕೈಯಲ್ಲೇ ಜಗುಲಿಗೆ ಬಂದಿರಿ. "ಇವ್ಳು ಬಂದ್ಮೇಲೆ ಕೊಕ್ಕರೆ ಬರ್ನಿಲ್ಲ ಅಂತೀರಲ್ಲ, ಮದ್ವೆ ಅಡ್ಗೆ ಸೌದೆಗೆ ಅಂತ ಹುಣ್ಸೆ ಕೊಂಬೆನೆಲ್ಲ ಕಡ್ಸಿದೋರು ಯಾರು?"

"ಕೊಂಬೆ ಚಿಗುರ್ತದೆ ಬುಡು. ಕಾಲ್ಗುಣ ಚಿಗುರ್ತದಾ?" ಅಂದರು ಮಾವ.

"ಪಕ್ಕದ ಮನೇಗೂ ಅದೇ ತಿಂಗ್ಳು ಸೊಸೆ ಬಂದ್ಲು. ಅವ್ರು ಮರ ಮುಟ್ನಿಲ್ಲ. ಓಗಿ ನೋಡಿ, ಗೂಡು ತುಂಬವೆ. ನಮ್ಮ ಕೊಂಬೆನೂ ಬೆಳೀಲಿ. ಆಗ್ಲೂ ಬರ್ನಿಲ್ಲ ಅಂದ್ರೆ ನಾನೇ ಗಾಡಿ ಹೂಡುಸ್ತೀನಿ."

ಮಾವ ಎತ್ತು ಬಿಚ್ಚಿಸಿದರು. ನನಗೆ ಮಾತ್ರ ನಿಮ್ಮ ಕೊನೆಯ ಮಾತು ಮರೆಯಲಾಗಲಿಲ್ಲ.

ಅವತ್ತು ಸೊಪ್ಪು ಸೋಸುತ್ತಾ ಕೇಳಿದೆ, ಕೊಂಬೆಯಿಂದಲೇ ಅಂತ ನಿಮಗೆ ಖಂಡಿತ ಗೊತ್ತಾ ಅಂತ. "ಗೊತ್ತಿಲ್ಲ ಕಣಮ್ಮಿ. ಅದ್ಕೇ ಕಾಯೋಣ ಅಂದಿದ್ದು. ನಿನ್ ಮ್ಯಾಲೆ ಪ್ರೀತಿ ಅದೆ ಅನ್ನೋ ಕಾರಣಕ್ಕೆ ನಾನಂದಿದ್ದೆಲ್ಲ ನಿಜ ಆಗ್ಬುಡ್ತದಾ?" ಅಂದಿರಿ. ಎಂಥ ಅತ್ತೆ ಸಿಕ್ಕರಪ್ಪಾ ಅಂತ ನಗು ಬಂತು, ಅಳುವೂ ಬಂತು. ಆಮೇಲೆ ಪ್ರತಿ ವರ್ಷ ಇಬ್ಬರೂ ಕತ್ತೆತ್ತಿ ಚಿಗುರು ನೋಡಿದೆವು. ಮರ ಇನ್ನೂ ಗಿಡ್ಡಗಿರುವಾಗಲೇ ನೀವು ಹೊರಟುಬಿಟ್ಟಿರಿ. ಇನ್ನೊಂದೆರಡು ವರ್ಷ ಇದ್ದಿದ್ದರೆ...

ಕೊನೆಗೂ ಈ ಸಂಕ್ರಾಂತಿಗೆ ಬಂದವು ಅತ್ತೆ! ನಮ್ಮ ಹುಣಸೆಗೇ, ಕಡ್ಡಿ ಕಚ್ಚಿಕೊಂಡು. ನಾನು ಬಾಣಂತಿ ಕೋಣೆಯಿಂದಲೇ ಸದ್ದು ಕೇಳಿದೆ. ಹೌದು, ನಿಮಗೆ ಮೊಮ್ಮಗಳು ಹುಟ್ಟಿದ್ದಾಳೆ. ಮಾವ ಅವಳನ್ನೆತ್ತಿಕೊಂಡು ಬೀದಿಗೆಲ್ಲ ಕೇಳುವಂತೆ, "ಏನು ಕಾಲ್ಗುಣ ನನ್ ಮಗೀಂದು!" ಅಂದರು. ಒಂದು ಗಳಿಗೆ ನನಗೂ ಹಿಗ್ಗಾಯಿತು. ಯಾವ ತಾಯಿಗೆ ಆಗುವುದಿಲ್ಲ? ಆದರೆ ಮುಂದೊಂದು ವರ್ಷ ಅವು ಬಾರದಿದ್ದರೆ?

"ಬ್ಯಾಡಿ ಮಾವ," ಅಂದೆ. "ಕೊಂಬೆ ಬೆಳ್ದವೆ, ಕೊಕ್ಕರೆ ಬಂದವೆ. ಅವ್ಳು ಸುಮ್ಕೆ ಹುಟ್ಟವ್ಳೆ, ಅಷ್ಟೇಯ."

ಮಾವ ಮರವನ್ನೂ ಮಗುವನ್ನೂ ನೋಡಿ, ಅವಳನ್ನು ನನ್ನ ಮಡಿಲಿಗೆ ಹಾಕಿದರು. ನಿಮಗೆ ಮಾತು ಕೊಡುತ್ತೇನೆ ಅತ್ತೆ, ನಾನಿರುವವರೆಗೆ ಈ ಮಗುವಿನ ತಲೆಗೆ ಯಾರೂ ಯಾವ ಕಾಲ್ಗುಣವನ್ನೂ ಕಟ್ಟಲು ಬಿಡುವುದಿಲ್ಲ. ಒಳ್ಳೆಯದನ್ನೂ.